ಯಾಕೆ ಎಂದು ಕೇಳುವವರಿಗೆ

ಮಕ್ಕಳೇ, ಕ್ವಾಲಾಲಂಪುರದ ಸುತ್ತಮುತ್ತಲಿನ ನಮ್ಮ ಕನ್ನಡದ ಮನೆಗಳಲ್ಲಿ ನೀವೆಲ್ಲ ಮೂರು ಭಾಷೆಗಳ ನಡುವೆ ಬೆಳೆಯುತ್ತಿದ್ದೀರಿ. ಶಾಲೆ, ಆಫೀಸುಗಳಲ್ಲಿ ಇಂಗ್ಲಿಷ್, ಪಸಾರ್ ಮಲಾಮಿನ ತರಕಾರಿ ಸಾಲಿನಲ್ಲಿ ಮಲಯ್, ಚಪ್ಪಲಿ ಬಿಟ್ಟು ಮನೆಯೊಳಗೆ ಬಂದ ಮೇಲೆ ಕನ್ನಡ. ಕನ್ನಡದಲ್ಲೇ ಮಾತು ಶುರು ಮಾಡಿದವರೂ ಪ್ರಶ್ನೆ ಕೇಳುವ ಹೊತ್ತಿಗೆ ‘ವೈ?’ ಅನ್ನುತ್ತೀರಿ. ದೊಡ್ಡವರೂ ಹಾಗೇ, ಚಿಕ್ಕವರೂ ಹಾಗೇ. ನಾನು ಧಾರವಾಡದ ಕಡೆಯವಳು. ಊರಲ್ಲಿ ಬಹಳ ವರ್ಷ ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಕಲಿಸಿ, ಈಗ ಪೆಟಾಲಿಂಗ್ ಜಯಾದಲ್ಲಿ ಮಗನ ಮನೆಯಲ್ಲಿದ್ದೇನೆ. ಈ ಒಂದು ಪದದ ಬಗ್ಗೆ ನನಗೆ ತಿಳಿದಷ್ಟನ್ನು ನಿಮ್ಮ ಕಿವಿಯ ಮೇಲೆ ಹಾಕಬೇಕೆನಿಸಿದೆ. ಪದ ಹುಟ್ಟಿದ ಬಗೆ ತಿಳಿದರೆ ಅದನ್ನು ಆಡುವ ಬಗೆಯೂ ಸುಧಾರಿಸುತ್ತದೆ ಎಂಬುದು ನನ್ನ ನಂಬಿಕೆ.

ಇಂಗ್ಲಿಷಿನಲ್ಲಿ ವಿಭಕ್ತಿಗಳ ಕಾಟವಿಲ್ಲ ಎಂದು ನೀವು ಅಂದುಕೊಂಡಿರುತ್ತೀರಿ. ಇಂದಿನ ಇಂಗ್ಲಿಷಿಗೆ ಆ ಮಾತು ಬಹುಮಟ್ಟಿಗೆ ಸರಿ. ಸಾವಿರ ವರ್ಷದ ಹಿಂದಿನ ಹಳೆಯ ಇಂಗ್ಲಿಷಿಗೆ ಸರಿಯಲ್ಲ. ನಿಮ್ಮ ತಂದೆತಾಯಿ ಬಾಯಿಪಾಠ ಮಾಡಿದ ಪ್ರಥಮಾ, ದ್ವಿತೀಯಾ, ತೃತೀಯಾಗಳಂಥವು ಅಲ್ಲಿಯೂ ಇದ್ದವು. ಆಗ ‘ಯಾರು’ ಎಂಬುದಕ್ಕೆ ‘ಹ್ವಾ’, ‘ಏನು’ ಎಂಬುದಕ್ಕೆ ‘ಹ್ವ್ಯಾಟ್’. ಅದಕ್ಕೆ ಷಷ್ಠಿ ಹತ್ತಿದರೆ ‘ಹ್ವ್ಯಾಸ್’, ಅದೇ ಇಂದಿನ ‘ಹೂಜ್’. ಚತುರ್ಥಿ ಹತ್ತಿದರೆ ‘ಹ್ವಾಮ್’, ಇಂದಿನ ‘ಹೂಮ್’. ತೃತೀಯಾ, ಅಂದರೆ ನಮ್ಮ ‘ಇಂದ’, ಹತ್ತಿದರೆ ‘ಹ್ವೀ’ ಎಂಬಂಥ ಉಚ್ಚಾರದ ಒಂದು ರೂಪ. ಆ ‘ಹ್ವೀ’ಯೇ ನಿಮ್ಮ ‘ವೈ’. ‘ವಾಟ್’ ಎಂಬ ಪದದ ತೃತೀಯಾ ವಿಭಕ್ತಿ ಅದು. ಬಿಡಿಸಿ ಹೇಳಿದರೆ ‘ಯಾವುದರಿಂದ?’ ಎಂದಾಗುತ್ತದೆ. ಆ ಭಾಷೆಯ ಉಳಿದ ತೃತೀಯಾ ರೂಪಗಳು ಹೆಚ್ಚುಕಡಿಮೆ ಅಳಿಸಿಹೋದವು. ಇದೊಂದು ಮಾತ್ರ ಸ್ವತಂತ್ರ ಪದವಾಗಿ ನಿಂತು ಇಂದಿಗೂ ಜಗತ್ತಿನ ತುಂಬ ಓಡಾಡುತ್ತಿದೆ.

ಹಳೆಯ ಬರಹದಲ್ಲಿ ಎಚ್ ಮೊದಲು, ಡಬ್ಲ್ಯು ಆಮೇಲೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ, ಫ್ರೆಂಚ್ ಬರವಣಿಗೆಯಲ್ಲಿ ಪಳಗಿದ ಲಿಪಿಕಾರರ ಕೈಗೆ ಸಿಕ್ಕು ಆ ಎರಡು ಅಕ್ಷರಗಳು ಅದಲುಬದಲಾದವು. ಬರವಣಿಗೆ ತಿರುಗಿತು, ಉಚ್ಚಾರ ತಿರುಗಲಿಲ್ಲ. ಸ್ಕಾಟ್‌ಲೆಂಡಿನ ಕೆಲವರ ಬಾಯಲ್ಲಿ ‘ಹ್ವೈ’ ಎಂದು ಮೊದಲು ಉಸಿರು ಬಿಟ್ಟು ಹೇಳುವ ರೂಢಿ ಈಗಲೂ ಇದೆ. ‘ಈ’ ಹೋಗಿ ‘ಐ’ ಬಂದದ್ದು ಹದಿನೈದನೆಯ ಶತಮಾನದಿಂದ ಮುಂದೆ ನಡೆದ ದೊಡ್ಡ ಸ್ವರಪಲ್ಲಟದಲ್ಲಿ.

ಇನ್ನೂ ಹಿಂದೆ ಹೋಗೋಣ. 1786ರಲ್ಲಿ ಕಲಕತ್ತೆಯ ಏಷಿಯಾಟಿಕ್ ಸೊಸೈಟಿಯಲ್ಲಿ ವಿಲಿಯಂ ಜೋನ್ಸ್ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಬಂದಿರಬೇಕೆಂದು ಹೇಳಿದರು. 1822ರಲ್ಲಿ ಜರ್ಮನಿಯ ಯಾಕೋಬ್ ಗ್ರಿಮ್ (ಸಹೋದರನ ಜೊತೆ ಜನಪದ ಕಥೆ ಕೂಡಿಸಿದ ಅದೇ ಗ್ರಿಮ್) ಇಂಗ್ಲಿಷ್, ಜರ್ಮನ್ ಭಾಷೆಗಳ ವ್ಯಂಜನಗಳು ಯಾವ ನಿಯಮದಲ್ಲಿ ಬದಲಾದವು ಎಂದು ತೋರಿಸಿದರು. ಸಂಸ್ಕೃತದಲ್ಲಿ, ಲ್ಯಾಟಿನ್ನಿನಲ್ಲಿ ‘ಕ’ ಇದ್ದಲ್ಲಿ ಇವುಗಳಲ್ಲಿ ‘ಹ’. ಕನ್ನಡದವರಿಗೆ ಇದು ಅಷ್ಟೇನೂ ವಿಚಿತ್ರವಲ್ಲ. ಹಳಗನ್ನಡದ ‘ಪಾಲ್’ ನಮ್ಮ ‘ಹಾಲು’ ಆಗಿದೆ, ‘ಪುಲಿ’ ‘ಹುಲಿ’ಯಾಗಿದೆ. ಹಾಗೆ ಸಂಸ್ಕೃತದ ಕಃ, ಕಿಂ, ಕದಾ, ಕುತ್ರ, ಕಥಂ ಎಂಬವುಗಳ ‘ಕ’ಕಾರವೇ ಇಂಗ್ಲಿಷಿನ ಹೂ, ವಾಟ್, ವೆನ್, ವೇರ್, ಹೌಗಳಲ್ಲಿ ಕುಳಿತಿದೆ. ಕೇನೋಪನಿಷತ್ತಿನ ಹೆಸರು ಕೇಳಿರುತ್ತೀರಿ. ಮೊದಲ ಪದದಿಂದಲೇ ಅದಕ್ಕೆ ಆ ಹೆಸರು. ‘ಕೇನ’ ಅಂದರೆ ‘ಯಾರಿಂದ, ಯಾವುದರಿಂದ’. ಅದೂ ತೃತೀಯಾ ವಿಭಕ್ತಿಯೇ. ಮನಸ್ಸು ಯಾರ ಪ್ರೇರಣೆಯಿಂದ ಓಡುತ್ತದೆ ಎಂದು ಋಷಿ ಕೇಳಿದ್ದಕ್ಕೂ, ಬಸ್ಸು ಯಾಕೆ ತಡ ಎಂದು ನೀವು ‘ವೈ’ ಅನ್ನುವುದಕ್ಕೂ ಬೇರು ಒಂದೇ, ವಿಭಕ್ತಿಯೂ ಒಂದೇ.

ಈ ಬಳಗದಲ್ಲಿ ನನಗೆ ಎಲ್ಲಕ್ಕಿಂತ ಪ್ರೀತಿಯ ಪದ ‘ಕಥಂ’. ಅಂದರೆ ‘ಹೇಗೆ?’. ಆ ಪ್ರಶ್ನೆಯಿಂದಲೇ ಸಂಸ್ಕೃತದಲ್ಲಿ ‘ಹೇಗಾಯಿತೆಂದು ಹೇಳು’ ಎಂಬ ಅರ್ಥದ ಧಾತು ಹುಟ್ಟಿತು. ಅದರಿಂದ ‘ಕಥಾ’, ಅದು ಕನ್ನಡಕ್ಕೆ ಬಂದು ‘ಕಥೆ’, ಬಾಯಿಮಾತಿನ ‘ಕತೆ’. ಮಲಗುವಾಗ ನೀವು ಕೇಳುವ ಕತೆ ಮೂಲದಲ್ಲಿ ಒಂದು ಪ್ರಶ್ನೆಗೆ ಕೊಟ್ಟ ಉತ್ತರ. ಅದೇ ‘ಕಥಾ’ ವ್ಯಾಪಾರಿಗಳ, ಪಂಡಿತರ ಸಂಗಡ ಸಮುದ್ರ ದಾಟಿ ಈ ನಾಡಿಗೂ ಬಂತು. ಮಲಯ್ ಭಾಷೆಯಲ್ಲಿ ‘ಕಾತಾ’ ಅಂದರೆ ಮಾತು, ನುಡಿ, ಹೇಳು. ದಿನಕ್ಕೆ ನೂರು ಸಲ ಕಿವಿಗೆ ಬೀಳುವ ಪದ ಅದು. ಇಂಗ್ಲಿಷಿನ ‘ಹೌ’, ಕನ್ನಡದ ‘ಕತೆ’, ಮಲಯ್‌ದ ‘ಕಾತಾ’ ಮೂರೂ ದೂರದ ನೆಂಟರು. ಕ್ಲಾಸಿನಲ್ಲಿ ಇದನ್ನು ಹೇಳಿದಾಗಲೆಲ್ಲ ಮಕ್ಕಳ ಕಣ್ಣು ಅರಳುತ್ತಿದ್ದವು. ನಿಮಗೂ ಹೇಳದೆ ಇರಲಾರೆ.

ಹಾಗೆಂದು ಸದ್ದು ಹೋಲುವುದೆಲ್ಲ ನೆಂಟಸ್ತಿಕೆಯಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಈಚೆಗೆ ನಿಮ್ಮ ಫೋನುಗಳಲ್ಲಿ ಎಲ್ಲ ಭಾಷೆಗೂ ನಮ್ಮದೇ ತಾಯಿ ಎಂಬ ಹರಟೆ ಬಹಳ ಓಡಾಡುತ್ತಿದೆ. ಕನ್ನಡದ ಪ್ರಶ್ನೆಪದಗಳು ಸಂಸ್ಕೃತದಿಂದ ಬಂದವಲ್ಲ. ಏನು, ಯಾರು, ಯಾವ, ಎಲ್ಲಿ, ಎಷ್ಟು, ಎಂದು ಇವುಗಳ ಎ, ಏ, ಯಾಗಳು ದ್ರಾವಿಡ ಮನೆಯ ಸ್ವಂತ ಆಸ್ತಿ. ತಮಿಳು, ಮಲಯಾಳ, ತೆಲುಗಿನಲ್ಲಿ ಅವುಗಳ ಅಣ್ಣತಮ್ಮಂದಿರಿದ್ದಾರೆ. ಆದರೆ ಅಣ್ಣತಮ್ಮಂದಿರೂ ಒಂದೇ ಮಾತಾಡುವುದಿಲ್ಲ. ಬ್ರಿಕ್‌ಫೀಲ್ಡ್ಸಿನ ತಮಿಳು ಅಂಗಡಿಯಲ್ಲಿ ನೀವು ‘ಏನು’ ಎಂದರೆ ಅವರ ಕಿವಿಗೆ ‘ಯಾಕೆ’ ಎಂದು ಕೇಳಿಸುತ್ತದೆ. ಅವರ ‘ಏನ್’ ನಮ್ಮ ‘ಯಾಕೆ’. ನಮ್ಮ ‘ಏನು’ ಅವರಿಗೆ ‘ಎನ್ನ’. ಮಲಯ್‌ದವರು ‘ಕೆನಾಪಾ’ ಅನ್ನುವುದರಲ್ಲಿಯ ‘ಕೆನಾ’ಕ್ಕೂ ಉಪನಿಷತ್ತಿನ ‘ಕೇನ’ಕ್ಕೂ ಸಂಬಂಧವೇ ಇಲ್ಲ, ಎರಡೂ ‘ಯಾಕೆ’ಯ ಸುತ್ತಲೇ ಸುಳಿದರೂ ಇಲ್ಲ. ಹೋಲಿಕೆ ಕಂಡಾಗ ಹಿಗ್ಗುವ ಮೊದಲು ಬೇರು ಹುಡುಕುವ ಅಭ್ಯಾಸ ಮಾಡಿಕೊಳ್ಳಿ.

ನಮ್ಮ ‘ಏಕೆ’ಯ ಹುಟ್ಟು ಬಹಳ ಸರಳ. ‘ಏನ್’ ಎಂಬುದಕ್ಕೆ ಚತುರ್ಥಿಯ ‘ಕೆ’ ಸೇರಿ ‘ಏಕೆ’, ಬಾಯಲ್ಲಿ ‘ಯಾಕೆ’, ನಮ್ಮ ಧಾರವಾಡದಲ್ಲಿ ‘ಯಾಕ’. ಕರಾವಳಿಯವರು ‘ಎಂತಕ್ಕೆ’ ಅನ್ನುತ್ತಾರಲ್ಲ, ಅಲ್ಲಿ ಆ ‘ಕ್ಕೆ’ ಇನ್ನೂ ಮರೆಯಾಗದೆ ಎದ್ದು ಕಾಣುತ್ತದೆ. ಇಂಗ್ಲಿಷ್ ಮೂಲದಲ್ಲಿ ‘ಯಾವುದರಿಂದ’ ಎಂದು ಕೇಳಿತು. ಕನ್ನಡ ‘ಯಾವುದಕ್ಕೆ’ ಎಂದು ಕೇಳಿತು. ಒಂದರ ನೋಟ ಹಿಂದಿನ ಕಾರಣದತ್ತ, ಇನ್ನೊಂದರದು ಮುಂದಿನ ಉದ್ದೇಶದತ್ತ. ಇಂದು ಎರಡು ಪದಗಳೂ ಎರಡೂ ಕೆಲಸ ಮಾಡುತ್ತವೆ, ನಿಜ. ಆದರೂ ಮಗಳು ಬಂದು ‘ಅಮ್ಮಾ, ನಾ ಕೆಲಸ ಬಿಡ್ತೀನಿ’ ಅಂದಾಗ ಏನು ತೊಂದರೆಯಾಯಿತು ಎಂದು ಕೇಳುವುದೂ, ಬಿಟ್ಟು ಏನು ಮಾಡಬೇಕೆಂದಿದ್ದೀ ಎಂದು ಕೇಳುವುದೂ ಬೇರೆಬೇರೆ. ಎರಡನ್ನೂ ಕೇಳಬೇಕು. ಬರೀ ‘ಯಾಕೆ?’ ಎಂದು ಬಾಣದಂತೆ ಬಿಟ್ಟರೆ ಆಕೆ ಯಾವುದಕ್ಕೆ ಉತ್ತರ ಕೊಡಬೇಕು?

ಇನ್ನು ಈ ನಾಡಿನ ಭಾಷೆ. ಮಲಯ್‌ದ ಹಲವು ಪ್ರಶ್ನೆಪದಗಳು ‘ಆಪಾ’ ಎಂಬ ಒಂದು ಪದದ ಮಕ್ಕಳು. ಆಪಾ ಅಂದರೆ ಏನು, ಸಿಯಾಪಾ ಯಾರು, ಬೆರಾಪಾ ಎಷ್ಟು. ‘ಆಪಾ ಖಬರ್’ ಎಂದು ಕುಶಲ ಕೇಳುತ್ತಾರೆ. ಆ ‘ಖಬರ್’ ಅರಬ್ಬಿಯದು, ನಮ್ಮ ಉತ್ತರ ಕರ್ನಾಟಕದ ‘ಏನ್ ಖಬರು’ ಕೂಡ ಅದೇ. ಯಾವಾಗ ಎಂಬುದಕ್ಕೆ ಅವರು ‘ಬಿಲಾ’ ಅನ್ನುತ್ತಾರೆ, ಅದು ಸಂಸ್ಕೃತದ ‘ವೇಲಾ’, ನಮ್ಮ ‘ವೇಳೆ’. ಯಾಕೆ ಎಂಬುದಕ್ಕೆ ಬರವಣಿಗೆಯಲ್ಲಿ ‘ಮೆಂಗಾಪಾ’. ಮಾತಿನಲ್ಲಿ ‘ಕೆನಾಪಾ’.

ಈ ‘ಕೆನಾಪಾ’ವನ್ನು ಸ್ವಲ್ಪ ನಿಂತು ನೋಡಿ. ಕೆನಾ ಅಂದರೆ ತಗಲು, ಬಡಿ, ಮೇಲೆ ಬೀಳು. ಮಳೆಗೆ ಸಿಕ್ಕವನು ‘ಕೆನಾ ಹುಜಾನ್’, ಬೈಸಿಕೊಂಡವನು ‘ಕೆನಾ ಮಾರಾ’, ಹೆದ್ದಾರಿಯಲ್ಲಿ ಜೋರಾಗಿ ಓಡಿಸಿ ದಂಡ ತೆತ್ತವನು ‘ಕೆನಾ ಸಮನ್’. ನಾವು ಏಟು ಬಿತ್ತು, ಬೈಗುಳ ಬಿತ್ತು, ದಂಡ ಬಿತ್ತು ಅನ್ನುವ ಹಾಗೆ. ಕೆನಾ ಜೊತೆ ಆಪಾ ಸೇರಿ ‘ಕೆನಾಪಾ’, ಅಂದರೆ ‘ಏನು ತಗಲಿತು?’. ಅಳುವ ಮಗುವಿನ ಮುಂದೆ ಕುಕ್ಕರಗಾಲಲ್ಲಿ ಕೂತು ಇಲ್ಲಿಯ ತಾಯಂದಿರು ‘ಕೆನಾಪಾ?’ ಅನ್ನುವುದನ್ನು ಕೇಳಿರುತ್ತೀರಿ. ಅಲ್ಲಿ ‘ನೀನು ಯಾಕೆ ಅತ್ತೆ’ ಎಂಬ ಗದರಿಕೆ ಇಲ್ಲ. ನಿನಗೆ ಏನಾಯಿತು, ನಿನ್ನನ್ನು ಏನು ಮುಟ್ಟಿತು ಎಂಬ ವಿಚಾರಣೆ ಇದೆ. ಇದೇ ಪದವನ್ನು ಸಿಟ್ಟಿನಲ್ಲೂ ಆಡುತ್ತಾರೆ, ಅದನ್ನೂ ಬಲ್ಲೆ. ಆದರೂ ಪದದ ಒಳಗೆ ಆ ಕಳಕಳಿ ಕೂತಿದೆ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಮೂರೂ ಭಾಷೆಗಳ ಈ ಪದವನ್ನು ಬಿಡಿಸಿದರೆ ಒಳಗೆ ಸಿಗುವುದು ‘ಏನು’. ಯಾವುದರಿಂದ, ಯಾವುದಕ್ಕೆ, ಏನು ತಗಲಿ. ಒಂದರಲ್ಲೂ ‘ಯಾರು’ ಇಲ್ಲ. ಆದರೆ ನಮ್ಮ ಮನೆಗಳಲ್ಲಿ, ನಿಮ್ಮ ಆಫೀಸುಗಳಲ್ಲಿ ‘ಯಾಕೆ’ ಎಂದು ಕೇಳುವಾಗ ಮನಸ್ಸಿನಲ್ಲಿ ಓಡುವುದು ಬಹಳ ಸಲ ‘ಯಾರು ತಪ್ಪು ಮಾಡಿದರು’ ಎಂಬುದೇ. ‘ಮಾರ್ಕ್ಸ್ ಯಾಕೆ ಕಮ್ಮಿ?’ ಎಂದು ತಂದೆ ಕೇಳುತ್ತಾನೆ, ಮಗ ತಲೆ ತಗ್ಗಿಸುತ್ತಾನೆ. ‘ಯಾಕೆ ಇಷ್ಟು ತಡ?’ ಎಂದು ಹೆಂಡತಿ ಕೇಳುತ್ತಾಳೆ, ಗಂಡ ಕೋಣೆಗೆ ಹೋಗುತ್ತಾನೆ. ‘ವೈ ವಾಸಂಟ್ ದಿಸ್ ಡನ್?’ ಎಂದು ಮೇಲಧಿಕಾರಿಯ ಮೇಲ್ ಬರುತ್ತದೆ, ಹತ್ತು ಜನ ಹತ್ತು ಮೇಲ್ ಬರೆದು ತಮ್ಮ ಮೈ ತೊಳೆದುಕೊಳ್ಳುತ್ತಾರೆ. ಎಲ್ಲೂ ಸಂಗತಿ ಹೊರಗೆ ಬರುವುದಿಲ್ಲ.

ನಮ್ಮ ದಕ್ಷಿಣ ಕನ್ನಡದ ಕಡೆಯ ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಸರ್ವನಾಮಗಳ ಮೇಲೆ 2004ರಲ್ಲಿ ಒಂದು ದೊಡ್ಡ ಇಂಗ್ಲಿಷ್ ಗ್ರಂಥ ಬರೆದರು. ಪ್ರಶ್ನೆ ಕೇಳುವ ಪದವೇ ಅನಿಶ್ಚಿತವನ್ನು ಸೂಚಿಸುವ ಪದವೂ ಆಗಿರುವುದು ಯಾಕೆ ಎಂದು ಅದರಲ್ಲಿ ಅವರು ವಿಚಾರ ಮಾಡಿದ್ದಾರೆ. ಕನ್ನಡದಲ್ಲೇ ನೋಡಿ: ಯಾರು, ಯಾರೋ. ಏನು, ಏನೋ. ಯಾಕೆ, ಯಾಕೋ. ಮಲಯ್‌ದಲ್ಲಿ ಆಪಾ ಎಂದರೆ ಏನು, ಅದನ್ನೇ ಎರಡು ಸಲ ‘ಆಪಾ-ಆಪಾ’ ಎಂದರೆ ಏನಾದರೂ. ಈ ಪದಗಳ ಮೂಲ ಕೆಲಸ ಹೇಳುವವನಿಗೆ ಒಂದು ವಿಷಯ ತಿಳಿಯದು ಎಂದು ತೋರಿಸುವುದು ಎಂಬ ವಾದ ನನಗೆ ಬಹಳ ಹಿಡಿಸಿತು. ‘ಯಾಕೆ’ ಅನ್ನುವವನು ಮೊದಲು ‘ನನಗೆ ಗೊತ್ತಿಲ್ಲ’ ಎಂದು ಒಪ್ಪಿಕೊಂಡಿರಬೇಕು. ಉತ್ತರವನ್ನು ಆಗಲೇ ಮನಸ್ಸಿನಲ್ಲಿ ಬರೆದಿಟ್ಟುಕೊಂಡು ‘ಯಾಕೆ’ ಎಂದು ಕೇಳಿದರೆ ಅದು ಪ್ರಶ್ನೆಯಲ್ಲ, ಆರೋಪ. ಬಾಯಿ ತೆರೆಯುವ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ನನಗೆ ನಿಜವಾಗಿ ಗೊತ್ತಿಲ್ಲವೇ? ಗೊತ್ತಿದ್ದರೆ ನೇರವಾಗಿ ಹೇಳಿ, ‘ನೀ ತಡ ಮಾಡಿದ್ದು ನನಗ ಬ್ಯಾಸರಾತು’ ಎಂದು. ಅದರಲ್ಲಿ ಪ್ರಾಮಾಣಿಕತೆ ಇದೆ.

ಪಿನಾಂಗಿನ ಬಾಯಾನ್ ಲೆಪಾಸ್ ಕಾರ್ಖಾನೆಗಳಲ್ಲಿ ಕೆಲಸ ಮಾಡುವ ಎಂಜಿನಿಯರುಗಳಿಗೆ ಇದು ಬೇರೆ ದಾರಿಯಲ್ಲಿ ಗೊತ್ತಿರುತ್ತದೆ. ಐದು ಸಲ ‘ಯಾಕೆ’ ಕೇಳುವ ಪದ್ಧತಿ ಜಪಾನಿನ ಟೊಯೊಟಾದಿಂದ ಬಂದದ್ದು. ನಮ್ಮ ಬಿಡದಿಯ ಕಾರ್ಖಾನೆಯನ್ನು ಕಟ್ಟಿದ ಅದೇ ಟೊಯೊಟಾ. ಅಲ್ಲಿಯ ತೈಚಿ ಓನೊ 1978ರ ತಮ್ಮ ಪುಸ್ತಕದಲ್ಲಿ ಕೊಟ್ಟ ಉದಾಹರಣೆ ಹೀಗಿದೆ. ಯಂತ್ರ ಯಾಕೆ ನಿಂತಿತು? ಭಾರ ಹೆಚ್ಚಾಗಿ ಫ್ಯೂಸ್ ಹೋಯಿತು. ಭಾರ ಯಾಕೆ ಹೆಚ್ಚಾಯಿತು? ಬೇರಿಂಗಿಗೆ ಎಣ್ಣೆ ಸಾಲಲಿಲ್ಲ. ಎಣ್ಣೆ ಯಾಕೆ ಸಾಲಲಿಲ್ಲ? ಪಂಪು ಸರಿಯಾಗಿ ಎತ್ತಲಿಲ್ಲ. ಯಾಕೆ ಎತ್ತಲಿಲ್ಲ? ಅದರ ಶಾಫ್ಟು ಸವೆದಿತ್ತು. ಯಾಕೆ ಸವೆಯಿತು? ಸೋಸುವ ಜಾಲರಿ ಇರಲಿಲ್ಲ, ಲೋಹದ ಚೂರು ಒಳಗೆ ಹೋಯಿತು. ಮೊದಲ ಉತ್ತರಕ್ಕೇ ನಿಂತಿದ್ದರೆ ಫ್ಯೂಸ್ ಬದಲಿಸಿ ಸುಮ್ಮನಾಗುತ್ತಿದ್ದರು, ಯಂತ್ರ ಮತ್ತೆ ನಿಲ್ಲುತ್ತಿತ್ತು. ಐದು ಪ್ರಶ್ನೆಗಳಲ್ಲಿ ಒಂದು ಸಲವೂ ಯಾವ ಕೆಲಸಗಾರನ ಹೆಸರೂ ಬಂದಿಲ್ಲ ಎಂಬುದನ್ನು ಗಮನಿಸಿ. ಮಗನ ಮಾರ್ಕ್ಸ್ ಕಮ್ಮಿಯಾದಾಗಲೂ ಹೀಗೆ ನಾಲ್ಕಾರು ಮೆಟ್ಟಿಲು ಇಳಿದು ನೋಡಿ. ಕೊನೆಗೆ ಸಿಗುವುದು ಕಪ್ಪುಹಲಗೆ ಕಾಣದ ಕಣ್ಣೋ, ರಾತ್ರಿ ನಿದ್ದೆ ಕೆಡಿಸುವ ಫೋನೋ, ಬಸ್ಸಿನಲ್ಲಿ ಕಾಡುವ ದೊಡ್ಡ ಹುಡುಗನೋ ಇರಬಹುದು.

ಕೇಳುವವರಿಗೆ ಇಷ್ಟು ಹೇಳಿದೆ. ಉತ್ತರ ಕೊಡುವವರಿಗೂ ಒಂದು ಮಾತು ಇದೆ, ಅದನ್ನು ಈ ಎರಡು ನಾಡುಗಳ ಭಾಷೆಗಳೇ ಕಲಿಸುತ್ತವೆ.

ಮಲಯ್‌ದಲ್ಲಿ ‘ಯಾಕೆಂದರೆ’ ಎಂಬುದಕ್ಕೆ ಮುಖ್ಯವಾಗಿ ಎರಡು ಪದ. ಒಂದು ‘ಕೆರಾನಾ’. ಅದು ಸಂಸ್ಕೃತದ ‘ಕಾರಣ’, ನಮಗೆ ಮನೆಮಾತು. ಇನ್ನೊಂದು ‘ಸೆಬಾಬ್’. ಅದು ಅರಬ್ಬಿಯದು, ಅದರ ಅರ್ಥವೂ ಕಾರಣವೇ. ಹಳೆಯ ಪದರ ಸಂಸ್ಕೃತದ್ದು, ಕೆಡಾದ ಬುಜಾಂಗ್ ಕಣಿವೆಗೆ ಭಾರತದ ಹಡಗುಗಳು ಬರುತ್ತಿದ್ದ ಕಾಲದ್ದು. ಅದರ ಮೇಲೆ ಇಸ್ಲಾಮಿನ ಜೊತೆ ಬಂದ ಅರಬ್ಬಿಯ ಪದರ. 1303ರದೆನ್ನುವ ತೆರೆಂಗಾನು ಶಿಲಾಶಾಸನದಲ್ಲಿ ಎರಡೂ ಒಟ್ಟಿಗೆ ಕಾಣುತ್ತವೆ: ಲಿಪಿ ಅರಬ್ಬಿ ಮೂಲದ ಜಾವಿ, ಹೇಳುವುದು ಇಸ್ಲಾಮಿನ ಕಟ್ಟಳೆ, ದೇವರನ್ನು ಕರೆದದ್ದು ‘ದೇವತಾ’ ಎಂದು. ನಮ್ಮಲ್ಲೂ ಹೀಗೇ ಆಯಿತು. ಬಹಮನಿ ಸುಲ್ತಾನರ, ವಿಜಾಪುರದ ಆದಿಲಶಾಹಿಗಳ ಆಡಳಿತದ ಮೂಲಕ ಅರಬ್ಬಿ ಪದಗಳು ಕನ್ನಡಕ್ಕೂ ಇಳಿದವು. ‘ಸಬಬ್’ ನಮ್ಮಲ್ಲಿ ‘ಸಬೂಬು’ ಆಯಿತು.

ಮಲಯ್‌ದವರಿಗೆ ಎರಡೂ ಒಂದೇ. ಕನ್ನಡದ ಜನ ಮಾತ್ರ ಎರಡನ್ನೂ ಬೇರ್ಪಡಿಸಿ ಇಟ್ಟರು. ಕಾರಣ ಬೇರೆ, ಸಬೂಬು ಬೇರೆ. ‘ಸಬೂಬು ಹೇಳಬ್ಯಾಡ’ ಎಂದು ನಮ್ಮ ಹಿರಿಯರು ಗದರುತ್ತಿದ್ದರು. ಕಾರಣ ಹೇಳಬೇಡ ಎಂದು ಯಾರೂ ಗದರಲಿಲ್ಲ. ಯಾರಾದರೂ ನಿಮ್ಮನ್ನು ‘ಯಾಕೆ’ ಎಂದು ಕೇಳಿದಾಗ ನಿಮ್ಮ ನಾಲಗೆಯ ತುದಿಗೆ ಮೊದಲು ಬರುವುದು ಬಹುಶಃ ಸಬೂಬೇ. ಫೆಡರಲ್ ಹೈವೇಯಲ್ಲಿ ಟ್ರಾಫಿಕ್ಕು, ನೆಟ್‌ವರ್ಕ್ ಇರಲಿಲ್ಲ, ಮಳೆ. ಈ ಊರಿನ ಮಳೆಗಾಲದಲ್ಲಿ ಮಳೆಯೂ ಟ್ರಾಫಿಕ್ಕೂ ಎಷ್ಟೋ ಸಲ ನಿಜವಾದ ಕಾರಣವೇ ಹೌದು. ಹಾಗಿದ್ದರೆ ಹೇಳಿ. ಆದರೆ ಹೊರಟದ್ದೇ ತಡವಾಗಿ ಎಂದಾದರೆ ಅದನ್ನೇ ಹೇಳಿ. ಕಾರಣ ಕೇಳಿದ ಮೇಲೆ ಮುಂದಿನ ಸಲ ಏನು ಮಾಡಬೇಕೆಂದು ಗೊತ್ತಾಗುತ್ತದೆ. ಸಬೂಬು ಕೇಳಿದ ಮೇಲೆ ಮಾಡುವುದಕ್ಕೆ ಏನೂ ಉಳಿಯುವುದಿಲ್ಲ. ಬೇರೆ ಪರೀಕ್ಷೆ ಬೇಕಾಗಿಲ್ಲ.

ಇದೇ ದಾರಿಯಲ್ಲಿ ಇನ್ನೊಂದು ಜೋಡಿ ಸಿಗುತ್ತದೆ. ಪರೀಕ್ಷೆಯ ಹಾಳೆಯಲ್ಲಿ ನೀವು ‘ಸೊವಾಲಾನ್’ ಎಂದು ಓದುವುದು ಅರಬ್ಬಿಯ ‘ಸುಆಲ್’. ಅದೇ ನಮ್ಮ ‘ಸವಾಲು’. ‘ಜವಾಬ್’ ಅಂದರೆ ಉತ್ತರ, ಅಲ್ಲೂ ಇಲ್ಲೂ. ನಮ್ಮ ಕಡೆ ಗೀಗೀ ಪದದವರು ಹರದೇಶಿ, ನಾಗೇಶಿ ಎಂದು ಎರಡು ಬಣವಾಗಿ ರಾತ್ರಿಯೆಲ್ಲ ಸವಾಲ್-ಜವಾಬ್ ನಡೆಸುತ್ತಾರೆ. ಇಲ್ಲಿಯ ಮದುವೆಗಳಲ್ಲಿ ಗಂಡಿನ ಕಡೆಯವರೂ ಹೆಣ್ಣಿನ ಕಡೆಯವರೂ ಪಂತೂನ್ ಹೇಳಿ ಒಬ್ಬರಿಗೊಬ್ಬರು ಉತ್ತರ ಕೊಡುತ್ತಾರೆ. ಆ ‘ಜವಾಬ್’ನಿಂದ ಕನ್ನಡದವರು ‘ಜವಾಬ್ದಾರಿ’ ಪಡೆದರು. ಮಲಯ್‌ದವರು ಹೊರು ಎಂಬ ಅರ್ಥದ ‘ತಂಗೂಂಗ್’ ಸೇರಿಸಿ ‘ತಂಗೂಂಗ್‌ಜವಾಬ್’ ಎಂದು ಅದೇ ಅರ್ಥಕ್ಕೆ ಪದ ಮಾಡಿಕೊಂಡರು. ಸಮುದ್ರದ ಎರಡು ದಡದ ಜನ ಒಬ್ಬರನ್ನೊಬ್ಬರು ಕೇಳದೆ ಒಂದೇ ತೀರ್ಮಾನಕ್ಕೆ ಬಂದಿದ್ದಾರೆ: ಉತ್ತರ ಕೊಡಬೇಕಾದವನು ಯಾರೋ ಹೊಣೆ ಹೊತ್ತವನೂ ಅವನೇ.

ಈಗ ನಿಮ್ಮಲ್ಲಿ ತಂದೆತಾಯಿಯಾದವರಿಗೆ ಒಂದು ಮಾತು. ಇಂಗ್ಲಿಷಿನ ‘ಬಿಕಾಸ್’ ಎಂಬುದು ‘ಬೈ’ ಮತ್ತು ‘ಕಾಸ್’ ಕೂಡಿ ಆದದ್ದು, ‘ಕಾರಣದಿಂದ’ ಎಂದರ್ಥ. ‘ಯಾವುದರಿಂದ’ ಎಂದು ಕೇಳಿದ್ದಕ್ಕೆ ತಕ್ಕ ಉತ್ತರ. ನಮ್ಮ ‘ಯಾಕೆಂದರೆ’ ಹಾಗಿಲ್ಲ. ‘ಯಾಕೆ ಎಂದರೆ’ ಎಂದು ಪ್ರಶ್ನೆಯನ್ನೇ ಮತ್ತೊಮ್ಮೆ ಆಡಿ ಆಮೇಲೆ ಉತ್ತರ ಶುರುವಾಗುತ್ತದೆ. ಕನ್ನಡದಲ್ಲಿ ಕಾರಣ ಕೊಡುವವನು ಕೇಳಿದವನ ಪ್ರಶ್ನೆಯನ್ನು ತನ್ನ ಬಾಯಿಗೆ ತೆಗೆದುಕೊಳ್ಳಲೇಬೇಕು. ಮಗು ‘ಯಾಕೆ?’ ಎಂದಾಗ ‘ನಾ ಹೇಳ್ತೀನಿ ಅದಕ್ಕ, ಸುಮ್ನಿರು’ ಅನ್ನುವವರು ಆ ಒಂದು ಹೆಜ್ಜೆಯನ್ನು ದಾಟಿಹೋಗುತ್ತಾರೆ. ಮಗುವಿನ ಪ್ರಶ್ನೆಯನ್ನು ಒಮ್ಮೆ ನಿಮ್ಮದಾಗಿಸಿಕೊಳ್ಳಿ. ಉತ್ತರ ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ, ಹುಡುಕೋಣ’ ಎನ್ನಿ. ಮಲೇಷ್ಯಾದ ಶಿಕ್ಷಣ ಇಲಾಖೆ 2013ರಿಂದ 2025ರ ನೀಲನಕ್ಷೆಯಲ್ಲಿ ಕೆಬಿಎಟಿ ಎಂಬ ಹೆಸರಿನಲ್ಲಿ ಮೇಲ್ಮಟ್ಟದ ಆಲೋಚನೆಯ ಪ್ರಶ್ನೆಗಳಿಗೆ ಒತ್ತು ಕೊಟ್ಟಿತು. ಉರು ಹೊಡೆದು ಬರೆಯಲಾಗದ ‘ಯಾಕೆ’, ‘ಹೇಗೆ’ಗಳು ಅವು. ಮನೆಯಲ್ಲಿ ‘ಯಾಕೆ’ಗೆ ಬಾಯಿ ಮುಚ್ಚಿಸಿಕೊಂಡ ಮಗು ಅಂಥ ಹಾಳೆಯ ಮುಂದೆ ಕೂತು ಏನು ಬರೆದೀತು? ಟ್ಯೂಶನ್ನಿಗೆ ದುಡ್ಡು ಸುರಿಯುವ ಮೊದಲು ಇದನ್ನು ಯೋಚಿಸಿ.

ಹುಡುಗರೇ, ನಿಮಗೂ ಹೇಳಬೇಕು. ಹಿರಿಯರನ್ನು ‘ಯಾಕೆ’ ಎಂದು ಕೇಳುವುದು ಉದ್ಧಟತನ ಎಂದು ಕೆಲವು ಮನೆಗಳಲ್ಲಿ ತಿಳಿಯುತ್ತಾರೆ. ನಚಿಕೇತನ ಕಥೆ ನೆನಪು ಮಾಡಿಕೊಳ್ಳಿ. ತಂದೆ ಮುದಿ ಹಸುಗಳನ್ನು ದಾನ ಕೊಡುವುದು ಕಂಡು ಹುಡುಗ, ನನ್ನನ್ನು ಯಾರಿಗೆ ಕೊಡುತ್ತೀ ಎಂದು ಕೇಳಿದ. ಮೂರನೆಯ ಸಲ ಕೇಳಿದಾಗ ತಂದೆ ರೇಗಿ ಯಮನಿಗೆ ಎಂದುಬಿಟ್ಟ. ಆದರೆ ಅದೇ ಹುಡುಗನ ಪ್ರಶ್ನೆ ಕೇಳಿದ ಯಮ, ಇಂಥ ಕೇಳುವವರು ತನಗೆ ಸಿಗಲಿ ಎಂದು ಹಾರೈಸಿದ. ಪ್ರಶ್ನೆ ಕೇಳುವ ಮಗುವಿನ ಮೇಲೆ ನಮ್ಮ ಪರಂಪರೆಗೆ ಎಷ್ಟು ಗೌರವವಿತ್ತು ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ರೀತಿ ಮಾತ್ರ ಊರಿಂದ ಊರಿಗೆ ಬೇರೆ, ಅದನ್ನು ಅರಿಯಿರಿ. ಇಲ್ಲಿ ಲಿಫ್ಟಿನಲ್ಲಿ ಸಿಕ್ಕ ನೆರೆಯವರು ‘ನಾಕ್ ಪೆರ್ಗಿ ಮಾನಾ?’ ಎಂದು ಕೇಳುತ್ತಾರೆ, ಎಲ್ಲಿಗೆ ಹೊರಟಿರಿ ಎಂದು. ಅದು ವಿಚಾರಿಸಿಕೊಳ್ಳುವ ಪ್ರೀತಿ. ಊರಲ್ಲಿ ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳಿದರೆ ಅಜ್ಜಿ ಕಣ್ಣು ಬಿಡುತ್ತಾಳೆ, ಕೆಲಸ ಕೆಡುತ್ತದೆ ಎಂದು. ಅಲ್ಲಿ ‘ದೂರ ಹೊಂಟೀರೇನು?’ ಎಂದು ಬಳಸಿ ಕೇಳಬೇಕು. ‘ಸುದಾ ಮಕಾನ್?’ ಮಾತ್ರ ಎರಡೂ ಕಡೆ ನಡೆಯುತ್ತದೆ, ನಮ್ಮ ‘ಊಟ ಆತೇನು?’. ಹಾಗೆಯೇ ‘ಯಾಕೆ’ಯನ್ನೂ ಹಿರಿಯರ ಮುಂದೆ ಬರಿದಾಗಿ ಇಡಬೇಡಿ. ‘ಯಾಕಜ್ಜಾ?’ ಎನ್ನಿ, ‘ಯಾಕ್ರಿ ಮಾವ?’ ಎನ್ನಿ. ಸಂಬಂಧದ ಒಂದು ಪದ ಪಕ್ಕಕ್ಕೆ ಬಂದರೆ ಅದೇ ಪ್ರಶ್ನೆ ಮೆತ್ತಗಾಗುತ್ತದೆ. ‘ವೈ?’ ಎಂಬ ಇಂಗ್ಲಿಷಿನ ಬೋಳು ಪದಕ್ಕೆ ಈ ಅನುಕೂಲ ಇಲ್ಲ. ವೀಡಿಯೊ ಕಾಲ್‌ನಲ್ಲಿ ನೀವು ‘ವೈ?’ ಅಂದಾಗ ಊರಿನ ಅಜ್ಜ ಒಂದು ಗಳಿಗೆ ಸುಮ್ಮನಾಗುವುದು ಭಾಷೆ ತಿಳಿಯದೆಂದಲ್ಲ. ಮೊಮ್ಮಗ ಆಫೀಸಿನವರ ಹಾಗೆ ಕೇಳಿದನಲ್ಲ ಎಂದು.

ಆದ್ದರಿಂದ ಈ ವರ್ಷಾಂತ್ಯದ ರಜೆಗೆ ಊರಿಗೆ ಹೋಗುವವರು ಒಂದು ಕೆಲಸ ಮಾಡಿ. ಹೋಗುವ ಮುಂಚೆ ಕನ್ನಡದಲ್ಲೇ ‘ಯಾಕೆ’ಗಳ ಒಂದು ಪಟ್ಟಿ ಬರೆದುಕೊಳ್ಳಿ. ನಮ್ಮ ಮನೆತನಕ್ಕೆ ಈ ಅಡ್ಡಹೆಸರು ಯಾಕೆ ಬಂತು? ಎಳ್ಳಮವಾಸ್ಯೆಗೆ ಹೊಲಕ್ಕೇ ಹೋಗಿ ಉಣ್ಣುವುದು ಯಾಕೆ, ಚರಗ ಚೆಲ್ಲುವುದು ಯಾಕೆ? ಮುತ್ತಜ್ಜ ಊರು ಬಿಟ್ಟು ಬಂದದ್ದು ಯಾಕೆ? ಅಜ್ಜಿಯನ್ನು ಶಾಲೆ ಬಿಡಿಸಿದ್ದು ಯಾಕೆ? ಕೊನೆಯದನ್ನು ಒಬ್ಬರೇ ಇದ್ದಾಗ ಕೇಳಿ, ಕೈ ಹಿಡಿದುಕೊಂಡು ಕೇಳಿ. ಅಲ್ಲಿ ‘ಕೆನಾಪಾ’ದ ಅರ್ಥದಲ್ಲೇ ಕೇಳಬೇಕು. ಅವರು ‘ಯಾಕೆಂದರೆ’ ಎಂದು ಒಂದೇ ಮಾತಿನಲ್ಲಿ ಮುಗಿಸದೆ ‘ಏನಾತಪಾ ಅಂದ್ರ...’ ಎಂದು ಶುರು ಮಾಡಿದರೆ ನಡುವೆ ಬಾಯಿ ಹಾಕಬೇಡಿ, ಅದು ಉದ್ದದ ಕತೆ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಅವರನ್ನು ಕೇಳಿಯೇ ಮಾಡಿಕೊಳ್ಳಿ. ಚಾರ್ಜು ಪೂರ್ತಿ ಇಟ್ಟುಕೊಂಡೇ ಕೂಡ್ರಿ.